ಕ್ಲಿನಿಕ್ ಗೋಡೆಯ ಅಬೊರಿಜಿನಲ್ ಚಿತ್ರದಲ್ಲಿ ಕುಟುಂಬ, ನೆಲ, ಆರೋಗ್ಯ: ಗುರುತುಗಳನ್ನು ಓದುವುದು ಹೇಗೆ?

ಮೇಘನಾ (ಆಲಿಸ್ ಸ್ಪ್ರಿಂಗ್ಸ್) ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಡಯೆಟಿಷಿಯನ್. ಕೆಲಸ ಸಿಕ್ಕಿ ಆಸ್ಟ್ರೇಲಿಯಾದ ನಡುಭಾಗದ ಆಲಿಸ್ ಸ್ಪ್ರಿಂಗ್ಸ್‌ಗೆ ಬಂದಿದ್ದೇನೆ. ಬಂದು ಇನ್ನೂ ಹೆಚ್ಚು ದಿನ ಆಗಿಲ್ಲ. ಇಲ್ಲಿನ ಒಂದು ಆರೋಗ್ಯ ಕೇಂದ್ರದಲ್ಲಿದ್ದೇನೆ. ನಮ್ಮಲ್ಲಿಗೆ ಬರುವವರು ಬಹುಪಾಲು ಅಬೊರಿಜಿನಲ್ ಜನ, ಅಂದರೆ ಇಲ್ಲಿನ ಮೂಲನಿವಾಸಿಗಳು. ಸಕ್ಕರೆ ಕಾಯಿಲೆ, ಕಿಡ್ನಿ ತೊಂದರೆ ಇರುವವರೇ ಜಾಸ್ತಿ.

ನಮ್ಮ ವೇಟಿಂಗ್ ರೂಮಿನ ಗೋಡೆಯ ಮೇಲೆ ಒಂದು ದೊಡ್ಡ ಚಿತ್ರ ಇದೆ. ನಡುವೆ ಒಂದರೊಳಗೊಂದು ವೃತ್ತಗಳು. ಅದರ ಸುತ್ತ ಲಾಳದ ಆಕಾರದ ಗುರುತುಗಳು, ಕೆಲವು ದೊಡ್ಡವು, ಕೆಲವು ಪುಟ್ಟವು. ಅಲ್ಲಿಂದ ಗೆರೆಗಳು ಹೊರಟು ಅಂಚಿನ ಸಣ್ಣ ವೃತ್ತಗಳನ್ನು ಮುಟ್ಟುತ್ತವೆ. ಗೆರೆಗಳ ಪಕ್ಕ ಬರಿಗಾಲಿನ ಹೆಜ್ಜೆಗಳು. ಒಂದು ಮೂಲೆಯಲ್ಲಿ ಎಲೆಗಳು. ಇನ್ನೊಂದು ಕಡೆ ಉದ್ದಕ್ಕೂ ಬಳುಕುವ ಗೆರೆ, ಅದು ನದಿ ಇರಬೇಕು ಅಂದುಕೊಂಡಿದ್ದೇನೆ. ಮಿಕ್ಕ ಜಾಗವೆಲ್ಲ ಚುಕ್ಕಿ.

ಮೊನ್ನೆ ಒಬ್ಬ ಅಜ್ಜಿ ಮೊಮ್ಮಗಳನ್ನು ಆ ಚಿತ್ರದ ಮುಂದೆ ನಿಲ್ಲಿಸಿಕೊಂಡು, ಗೆರೆಗಳ ಮೇಲೆ ಬೆರಳು ಆಡಿಸುತ್ತಾ ಏನೇನೋ ಹೇಳುತ್ತಿದ್ದರು. ಹುಡುಗಿ ಕಣ್ಣರಳಿಸಿ ಕೇಳುತ್ತಿದ್ದಳು. ಭಾಷೆ ನನಗೆ ತಿಳಿಯಲಿಲ್ಲ. ಆದರೆ ಈ ಚಿತ್ರ ಸುಮ್ನೆ ಅಂದಕ್ಕೆ ಹಾಕಿದ್ದಲ್ಲ ಅನ್ನೋದು ಗೊತ್ತಾಯಿತು.

ಈ ಗುರುತುಗಳಿಗೆ ಅರ್ಥ ಏನು? ಕುಟುಂಬ, ನೆಲ, ಆರೋಗ್ಯ ಇವನ್ನೆಲ್ಲ ಒಂದೇ ಚಿತ್ರದಲ್ಲಿ ಹೇಗೆ ತೋರಿಸುತ್ತಾರೆ? ಇನ್ನೊಂದು ವಿಷಯ. ಸಕ್ಕರೆ ಕಾಯಿಲೆಯವರಿಗೆ ಊಟದ ಬಗ್ಗೆ ಒಂದು ಚಾರ್ಟ್ ಮಾಡಬೇಕಿದೆ. ಇದೇ ಗುರುತುಗಳನ್ನು ಬಳಸಿ ನಾನೇ ಬಿಡಿಸಬಹುದಾ? ಜನರಿಗೆ ಹತ್ತಿರ ಅನ್ನಿಸಬಹುದು ಅಂತ ಆಸೆ.

ಪ್ರವೀಣ್ (ಬ್ರಿಸ್ಬೇನ್):

ಗ್ಯಾಲರಿಗಳನ್ನು ಸುತ್ತಿ ತಿಳಿದುಕೊಂಡಷ್ಟನ್ನು ಹೇಳುತ್ತೇನೆ. ಈ ಚಿತ್ರಗಳನ್ನು ಮೇಲಿನಿಂದ ನೋಡಿದಂತೆ ಓದಬೇಕು. ಲಾಳದ ಗುರುತು ಅಂದರೆ ಕೂತಿರುವ ಮನುಷ್ಯ. ಕಾಲು ಮಡಚಿ ಕೂತು ಎದ್ದರೆ ಮರಳಿನಲ್ಲಿ ಉಳಿಯುವ ಅಚ್ಚು ಅದು. ಪಕ್ಕದಲ್ಲಿ ಅಗೆಯುವ ಕೋಲಿನ ಗೆರೆ, ಮರದ ಮರಿಗೆಯ ಮೊಟ್ಟೆಯಾಕಾರ ಇದ್ದರೆ ಹೆಂಗಸು. ಈಟಿ, ಬೂಮರಾಂಗ್ ಇದ್ದರೆ ಗಂಡಸು. ಪುಟ್ಟ ಲಾಳಗಳು ಮಕ್ಕಳು. ಒಂದರೊಳಗೊಂದು ವೃತ್ತ ಅಂದರೆ ನೀರಿನ ಹೊಂಡ, ಬೆಂಕಿ, ಬಿಡಾರ, ಜನ ಸೇರುವ ಜಾಗ. ಎರಡು ವೃತ್ತಗಳ ನಡುವಿನ ಗೆರೆ ದಾರಿ. ಮೂರು ಬೆರಳಿನ ಬಾಣದಂಥ ಗುರುತು ಎಮು ಹಕ್ಕಿಯ ಹೆಜ್ಜೆ.

ಕಪ್ಪು, ಕೆಂಪು, ಹಳದಿ ಒಟ್ಟಿಗೆ ಕಂಡರೆ ಅದು ಅಬೊರಿಜಿನಲ್ ಬಾವುಟದಿಂದ ಬಂದದ್ದಿರಬಹುದು. ಹೆರಾಲ್ಡ್ ಥಾಮಸ್ ರೂಪಿಸಿದ ಬಾವುಟ ಅದು. ಮೊದಲು ಹಾರಿದ್ದು 1971ರ ಜುಲೈನಲ್ಲಿ, ಅಡಿಲೇಡ್‌ನಲ್ಲಿ. ಕಪ್ಪು ಜನ, ಕೆಂಪು ಮಣ್ಣು, ಹಳದಿ ಸೂರ್ಯ.

ಶಾರದಾ (ಆಲಿಸ್ ಸ್ಪ್ರಿಂಗ್ಸ್):

ಮೇಘನಾ, ನಾನೂ ಇದೇ ಊರಿನವಳು ಈಗ. ಡಯಾಲಿಸಿಸ್ ನರ್ಸ್. ಇಲ್ಲಿಗೆ ಬಂದು ಬಹಳ ವರ್ಷ ಆಯಿತು. ನೀವು ಕೇಳಿದ್ದು ನನಗೆ ತುಂಬ ಹತ್ತಿರದ ವಿಷಯ, ಉದ್ದ ಬರೆದರೆ ಬೇಸರ ಮಾಡಿಕೊಳ್ಳಬೇಡಿ.

ಪ್ರವೀಣ್ ಕೊಟ್ಟ ಪಟ್ಟಿ ಮರುಭೂಮಿ ಕಡೆಯ ಚಿತ್ರಗಳ ಮಟ್ಟಿಗೆ ಸರಿಯಾಗೇ ಇದೆ. ಅದನ್ನು ಹಿಡಿದುಕೊಂಡು ಹೋದರೆ ಒಂದಿಷ್ಟು ದೂರ ಹೋಗಬಹುದು, ಅಷ್ಟೇ. ವೃತ್ತ ಒಂದು ಚಿತ್ರದಲ್ಲಿ ನೀರಿನ ಹೊಂಡ, ಇನ್ನೊಂದರಲ್ಲಿ ಮರದ ಬುಡ, ಮತ್ತೊಂದರಲ್ಲಿ ಕಾಡಿನ ಹಣ್ಣು. ಮಾನವಶಾಸ್ತ್ರಜ್ಞೆ ನ್ಯಾನ್ಸಿ ಮನ್ 1950ರ ದಶಕದಲ್ಲಿ ಇಲ್ಲಿಂದ ವಾಯವ್ಯಕ್ಕಿರುವ ಯುವೆಂಡುಮುವಿನಲ್ಲಿ ವಾರ್ಲ್‌ಪಿರಿ ಜನರ ಜೊತೆ ಇದ್ದು ಇದನ್ನೆಲ್ಲ ದಾಖಲಿಸಿದರು. ಅಲ್ಲಿನ ಹೆಂಗಸರು ಮರಳನ್ನು ಅಂಗೈಯಿಂದ ಸವರಿ, ಬೆರಳಿನಿಂದ ಗೆರೆ ಎಳೆಯುತ್ತಾ ಮಕ್ಕಳಿಗೆ ಕಥೆ ಹೇಳುತ್ತಾರೆ. ಒಂದು ದೃಶ್ಯ ಮುಗಿದರೆ ಅಳಿಸಿ ಮುಂದಿನದು. ಗೆರೆ, ಮಾತು, ಕೈ ಸನ್ನೆ, ಹಾಡು ಎಲ್ಲ ಒಟ್ಟಿಗೇ ನಡೆಯುತ್ತದೆ. ನೀವು ನೋಡಿದ ಅಜ್ಜಿ ಮಾಡುತ್ತಿದ್ದುದು ಅದನ್ನೇ, ಮರಳಿನ ಬದಲು ಗೋಡೆಯ ಮೇಲೆ.

ಹಾಗಾಗಿ ನಾನು ಯಾವುದೇ ಚಿತ್ರದ ಮುಂದೆ ನಿಂತರೂ ಗುರುತಿನ ಅರ್ಥ ಆಮೇಲೆ ಕೇಳುತ್ತೇನೆ. ಮೊದಲು ಕೇಳುವುದು: ಬರೆದವರು ಯಾರು, ಇದು ಯಾವ ಜಾಗದ ಕಥೆ, ಆ ಕಥೆಯನ್ನು ಬರೆಯುವ ಹಕ್ಕು ಅವರಿಗೆ ಯಾರಿಂದ ಬಂತು. ಈ ಮೂರು ಗೊತ್ತಾದರೆ ಕುಟುಂಬ, ನೆಲ, ಆರೋಗ್ಯ ತಾವಾಗಿಯೇ ಹೊರಗೆ ಬರುತ್ತವೆ.

ಒಂದು ಉದಾಹರಣೆ ಕೊಡುತ್ತೇನೆ. ಮಿನಾ ಮಿನಾ ಅಂತ ಒಂದು ಜಾಗ ಇದೆ. ಯುವೆಂಡುಮುವಿನಿಂದ ಪಶ್ಚಿಮಕ್ಕೆ ಬಹಳ ದೂರ, ಮರುಭೂಮಿಯ ಒಳಗೆ. ಸೃಷ್ಟಿಯ ಕಾಲದಲ್ಲಿ, ಅಂದರೆ ವಾರ್ಲ್‌ಪಿರಿ ಜನ ಜುಕುರ್ಪಾ ಅನ್ನುವ ಕಾಲದಲ್ಲಿ, ಅಲ್ಲಿ ನೆಲದಿಂದ ಅಗೆಯುವ ಕೋಲುಗಳು ಎದ್ದು ಬಂದವು. ಹೆಂಗಸರ ಒಂದು ದೊಡ್ಡ ಗುಂಪು ಆ ಕೋಲುಗಳನ್ನು ಹಿಡಿದು, ಕುಣಿಯುತ್ತಾ ಪೂರ್ವಕ್ಕೆ ಹೊರಟಿತು. ದಾರಿಯಲ್ಲಿ ನೆಲ ಅಗೆದು ತಿನ್ನುವುದನ್ನು ಹುಡುಕಿದರು. ಆ ಕೋಲುಗಳ ಗುರುತಾಗಿ ಇವತ್ತೂ ಅಲ್ಲಿ ಡೆಸರ್ಟ್ ಓಕ್ ಮರಗಳು ನಿಂತಿವೆ.

ಈ ಕಥೆಯ ಚಿತ್ರಗಳಲ್ಲಿ ನೇರ ಗೆರೆ ಅಂದರೆ ಆ ಕೋಲು. ವೃತ್ತ ಅಂದರೆ ನೆಲದಡಿ ಬೆಳೆಯುವ ಒಂದು ಬಗೆಯ ಅಣಬೆ. ಬಳುಕುವ ಗೆರೆ ಅಂದರೆ ಙಲ್ಯಿಪಿ ಅನ್ನುವ ಬಳ್ಳಿ. ಇದು ಅಮೃತಬಳ್ಳಿಯ ಕುಲಕ್ಕೇ ಸೇರಿದ ಗಿಡ, ಗೊತ್ತಾ? ಮರಿಗೆಯನ್ನು ಹೆಗಲಿಗೆ ತೂಗುಹಾಕಲು ಅದೇ ಬಳ್ಳಿ. ತಲೆನೋವು ಬಂದರೆ ಹಣೆಗೆ ಕಟ್ಟುವುದೂ ಅದನ್ನೇ. ಈ ಕಥೆಯನ್ನು ಬರೆಯುವ ಹಕ್ಕು ನಪಂಗಾರ್ಡಿ ಮತ್ತು ನಪನಂಕಾ ಹೆಂಗಸರದು, ಅವರ ಸಾಲಿನ ಗಂಡಸರದು. ಡೊರೊಥಿ ನಪಂಗಾರ್ಡಿ ಮಿನಾ ಮಿನಾದ ಉಪ್ಪಿನ ನೆಲವನ್ನು ಬರೀ ಬಿಳಿ ಚುಕ್ಕಿಗಳ ಬಲೆಯಂತೆ ಬರೆದು 2001ರಲ್ಲಿ ದೇಶದ ದೊಡ್ಡ ಅಬೊರಿಜಿನಲ್ ಕಲಾ ಪ್ರಶಸ್ತಿ ಪಡೆದರು.

ಈಗ ನೋಡಿ, ಈ ಒಂದು ಚಿತ್ರದಲ್ಲಿ ಊಟ ಇದೆ, ಔಷಧಿ ಇದೆ, ನಡೆದ ದಾರಿ ಇದೆ, ಯಾರ ಮಗಳು ಅನ್ನೋದೂ ಇದೆ. ಯಾವುದನ್ನು ಬೇರೆ ಮಾಡಿ ಇದು ಆರೋಗ್ಯದ ಗುರುತು ಅಂತ ಹೇಳುತ್ತೀರಿ?

ನಪಂಗಾರ್ಡಿ ಅನ್ನೋದು ಮನೆತನದ ಹೆಸರಲ್ಲ. ವಾರ್ಲ್‌ಪಿರಿ ಜನರಲ್ಲಿ ಇಂಥ ಎಂಟು ಗುಂಪುಗಳಿವೆ. ಇಲ್ಲಿ ಎಲ್ಲರೂ ‘ಸ್ಕಿನ್’ ಅನ್ನುತ್ತಾರೆ. ಹೆಂಗಸರ ಹೆಸರು ‘ನ’ ಇಂದ, ಗಂಡಸರದು ‘ಜ’ ಇಂದ ಶುರು. ಅಣ್ಣತಮ್ಮ ಅಕ್ಕತಂಗಿಯರದು ಒಂದೇ ಸ್ಕಿನ್. ತಾಯಿಯ ಅಕ್ಕತಂಗಿಯರದು ತಾಯಿಯದೇ ಸ್ಕಿನ್, ಆದ್ದರಿಂದ ಅವರೂ ತಾಯಂದಿರೇ. ನಮ್ಮಲ್ಲಿ ದೊಡ್ಡಮ್ಮ, ಚಿಕ್ಕಮ್ಮ ಅನ್ನುತ್ತೇವಲ್ಲ, ಹಾಗೆ. ನಮಗೆ ಇದು ಬೇಗ ಅರ್ಥ ಆಗುತ್ತದೆ. ಒಂದು ಹುಡುಗಿ ‘ಅಮ್ಮಂದಿರು ಬರುತ್ತಾರೆ’ ಅಂದು ನಾಲ್ಕು ಜನರನ್ನು ಕರೆತಂದರೆ ಆಸ್ಪತ್ರೆಯಲ್ಲಿ ಕೆಲವರು ತಬ್ಬಿಬ್ಬಾಗುವುದನ್ನು ನೋಡಿದ್ದೇನೆ. ನಿಮ್ಮ ಗೋಡೆಯ ಚಿತ್ರದಲ್ಲಿ ವೃತ್ತದ ಸುತ್ತ ಅಷ್ಟೊಂದು ಲಾಳಗಳು ಯಾಕೆ ಅಂದರೆ ಇದಕ್ಕೇ. ಒಬ್ಬ ರೋಗಿ ಒಬ್ಬರೇ ಕೂತಿರುವ ಚಿತ್ರವನ್ನು ಇಲ್ಲಿ ಯಾರೂ ಬರೆದದ್ದು ನನಗೆ ನೆನಪಿಲ್ಲ.

ಹಕ್ಕಿನ ವಿಷಯದಲ್ಲೂ ಸಂಬಂಧವೇ ಮುಖ್ಯ. ತಂದೆಯ ಕಡೆಯಿಂದ ಕಥೆ ಬಂದವರು ಅದರ ಒಡೆಯರು. ತಾಯಿಯ ಕಡೆಯಿಂದ ಆ ಕಥೆಗೆ ಸೇರಿದವರು ಅದರ ಕಾವಲುಗಾರರು. ಒಡೆಯರು ಬರೆಯುವಾಗ ಕಾವಲುಗಾರರು ನೋಡಿಕೊಳ್ಳುತ್ತಾರೆ: ಕ್ರಮ ಸರಿ ಇದೆಯಾ, ಹೊರಗಿನವರಿಗೆ ತೋರಿಸಬಾರದ್ದು ಏನಾದರೂ ಬಂತಾ. ಕೆಲವು ಸಂಗತಿ ಗಂಡಸರಿಗೆ ಮಾತ್ರ, ಕೆಲವು ಹೆಂಗಸರಿಗೆ ಮಾತ್ರ. 1970ರ ದಶಕದ ಆರಂಭದ ಕೆಲವು ಚಿತ್ರಗಳಲ್ಲಿ ಇಂಥ ಗುಟ್ಟಿನ ವಿಷಯ ಕಾಣಿಸಿಕೊಂಡಾಗ ಅಕ್ಕಪಕ್ಕದ ಸಮುದಾಯಗಳಿಂದ ಗಟ್ಟಿ ಆಕ್ಷೇಪ ಬಂತು. ಆಮೇಲೆ ಕಲಾವಿದರು ಅವನ್ನು ಬಿಟ್ಟರು, ಅಥವಾ ಚುಕ್ಕಿಗಳಿಂದ ಮುಚ್ಚಿದರು. ಚುಕ್ಕಿ ಮರಳೂ ಆಗಬಹುದು, ಹೂವೂ ನಕ್ಷತ್ರವೂ ಆಗಬಹುದು, ಪರದೆಯೂ ಆಗಬಹುದು. ಹೇಳಿದಷ್ಟನ್ನು ಕೇಳಿಸಿಕೊಂಡರೆ ಸಾಕು. ನಾನು ಕೆದಕುವುದಿಲ್ಲ.

ಇನ್ನು ಆರೋಗ್ಯ. 1989ರ ರಾಷ್ಟ್ರೀಯ ಅಬೊರಿಜಿನಲ್ ಆರೋಗ್ಯ ನೀತಿಯ ವರದಿಯಲ್ಲೇ ಬರೆದಿದೆ: ಆರೋಗ್ಯ ಅಂದರೆ ಒಬ್ಬರ ಮೈ ಚೆನ್ನಾಗಿರುವುದಷ್ಟೇ ಅಲ್ಲ, ಇಡೀ ಸಮುದಾಯದ ಬದುಕು, ಮನಸ್ಸು, ಸಂಸ್ಕೃತಿ ಚೆನ್ನಾಗಿರಬೇಕು ಅಂತ. ವರದಿಯಲ್ಲಿ ಓದಿದರೆ ಇದು ಬರೀ ಒಳ್ಳೆಯ ಮಾತು ಅನ್ನಿಸಬಹುದು. ಚಿತ್ರಗಳಲ್ಲಿ ನೋಡಿದರೆ ಕಣ್ಣಿಗೆ ಹೊಡೆಯುತ್ತದೆ.

ಇಲ್ಲಿಂದ ಈಶಾನ್ಯಕ್ಕೆ ಯುಟೋಪಿಯಾ ಅನ್ನುವ ಕಡೆ ಅನ್ಮತ್ಯೆರ್, ಅಲ್ಯವಾರ್ ಹೆಂಗಸರು ‘ಅವೆಲ್ಯೆ’ ಅನ್ನುವ ಆಚರಣೆ ಮಾಡುತ್ತಾರೆ. ಎದೆ, ತೋಳುಗಳ ಮೇಲೆ ಕಾವಿ ಮಣ್ಣಿನ ಪಟ್ಟೆ ಬರೆದುಕೊಂಡು ಹಾಡಿ ಕುಣಿಯುತ್ತಾರೆ. ಜನರೂ ಚೆನ್ನಾಗಿರಲಿ, ನೆಲವೂ ಫಲ ಕೊಡಲಿ ಅಂತ. ಎಮಿಲಿ ಕಾಮೆ ಙ್ವಾರೆಯೆ ಅವರ ದೊಡ್ಡ ದೊಡ್ಡ ಗೆರೆಗಳ ಚಿತ್ರ ನೋಡಿದ್ದೀರಾ? ಆ ಗೆರೆಗಳು ಬಂದದ್ದು ಈ ಮೈಮೇಲಿನ ಪಟ್ಟೆಗಳಿಂದ, ನೆಲದಡಿ ಹರಡುವ ಗೆಣಸಿನ ಬೇರುಗಳಿಂದ. 1977ರಲ್ಲಿ ಬಾಟಿಕ್, ಅಂದರೆ ಬಟ್ಟೆಗೆ ಮೇಣ ಹಚ್ಚಿ ಬಣ್ಣ ಹಾಕುವ ಕಲೆ ಕಲಿತರು, 1988ರ ಕೊನೆಯಲ್ಲಿ ಕ್ಯಾನ್ವಾಸ್ ಹಿಡಿದರು. ಆಗ ಎಪ್ಪತ್ತು ದಾಟಿದ ಮುದುಕಿ. 1996ರಲ್ಲಿ ತೀರಿಕೊಳ್ಳುವವರೆಗೂ ಬರೆದರು. ಅದೇ ಊರಿನ ಗ್ಲೋರಿಯಾ ಪೆಟ್ಯಾರೆ ಔಷಧಿ ಗಿಡದ ಎಲೆಗಳನ್ನು, ಗಾಳಿಗೆ ಹಾರಿ ಬಿದ್ದ ಹಾಗೆ, ಕ್ಯಾನ್ವಾಸ್ ತುಂಬ ಬರೆದು 1999ರಲ್ಲಿ ವಿನ್ ಅನ್ನುವ ಹೆಸರಾಂತ ಕಲಾ ಪ್ರಶಸ್ತಿ ಗೆದ್ದರು. ನಿಮ್ಮ ಚಿತ್ರದ ಮೂಲೆಯ ಎಲೆಗಳೂ ಬಹುಶಃ ಇಂಥವೇ. ಕ್ಲಿನಿಕ್‌ಗಳಿಗೆಂದು ಬರೆಸಿದ ಚಿತ್ರಗಳಲ್ಲಿ ಎಲೆ ಕಂಡರೆ ಅದು ಹೆಚ್ಚಾಗಿ ಮದ್ದಿನ ಗಿಡ.

ಇದೇ ಯುಟೋಪಿಯಾದ ಜನರ ಆರೋಗ್ಯವನ್ನು ಹತ್ತು ವರ್ಷ ಗಮನಿಸಿದ ಒಂದು ಅಧ್ಯಯನ 2008ರಲ್ಲಿ ಆಸ್ಟ್ರೇಲಿಯಾದ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ನಮ್ಮ ಪ್ರಾಂತ್ಯ ನಾರ್ದರ್ನ್ ಟೆರಿಟರಿಯ ಅಬೊರಿಜಿನಲ್ ಜನರ ಸರಾಸರಿಗೆ ಹೋಲಿಸಿದರೆ ಅಲ್ಲಿ ಸಾವು ಕಡಿಮೆ ಇತ್ತು. ಚಿಕ್ಕ ಚಿಕ್ಕ ಬಿಡಾರಗಳಲ್ಲಿ ತಮ್ಮದೇ ನೆಲದ ಮೇಲೆ ಇರುವುದು, ಬೇಟೆ, ಕಾಡಿನ ಊಟ, ತಾವೇ ನಡೆಸುವ ಆರೋಗ್ಯ ಕೇಂದ್ರ, ಕುಟುಂಬದ ನಂಟು ಇವೆಲ್ಲ ಕಾರಣ ಇರಬಹುದು ಅಂತ ಸಂಶೋಧಕರು ಹೇಳಿದರು. ನೀವು ಡಯೆಟಿಷಿಯನ್ ಆದ್ದರಿಂದ ಇದನ್ನು ಹುಡುಕಿ ಓದಿ.

ಕೊನೆಗೆ, ನನ್ನ ಕೆಲಸಕ್ಕೆ ಸೇರಿದ ಕಥೆ. ಇದನ್ನು ಹೇಳದೆ ನನಗೆ ಸಮಾಧಾನ ಇಲ್ಲ.

ಮರುಭೂಮಿಯ ಕ್ಯಾನ್ವಾಸ್ ಚಿತ್ರಗಳು ಶುರುವಾದದ್ದು ಪಪುನ್ಯಾದಲ್ಲಿ, 1971ರಲ್ಲಿ. ಅದು ಸರ್ಕಾರ ಕಟ್ಟಿದ ವಸತಿ. ಪಿಂಟುಪಿ, ಲುರಿಚಾ, ವಾರ್ಲ್‌ಪಿರಿ, ಅನ್ಮತ್ಯೆರ್, ಅರೆಂಟ ಜನರನ್ನೆಲ್ಲ ಅವರವರ ನೆಲದಿಂದ ತಂದು ಒಂದೇ ಕಡೆ ಇರಿಸಿದ್ದರು. ಅಲ್ಲಿನ ಶಾಲೆಗೆ ಜೆಫ್ರಿ ಬಾರ್ಡನ್ ಅನ್ನುವ ಮೇಷ್ಟ್ರು ಬಂದರು. ಅವರ ಪ್ರೋತ್ಸಾಹದಿಂದ ಹಿರಿಯರು ಶಾಲೆಯ ಗೋಡೆಯ ಮೇಲೆ ಜೇನಿರುವೆಯ ಕಥೆ ಬರೆದರು. ಆಮೇಲೆ ಹಲಗೆ ಚೂರು, ಹಾರ್ಡ್‌ಬೋರ್ಡ್, ಸಿಕ್ಕಿದ್ದರ ಮೇಲೆಲ್ಲ ಬರೆದರು. 1972ರಲ್ಲಿ ಪಪುನ್ಯಾ ತುಲಾ ಅನ್ನುವ ತಮ್ಮದೇ ಕಂಪನಿ ಮಾಡಿಕೊಂಡರು. ಹೋಗಲಾಗದ ಜಾಗಗಳನ್ನು, ಆ ಜಾಗಗಳ ಹೊಂಡಗಳನ್ನು, ದಾರಿಗಳನ್ನು ಒಂದೊಂದಾಗಿ ಬರೆದರು. 1981ರಲ್ಲಿ ಪಿಂಟುಪಿ ಜನ ತಮ್ಮ ನೆಲಕ್ಕೆ ವಾಪಸ್ ಹೋಗಿ ಕಿಂಟೋರ್ ಅನ್ನುವ ಊರು ಮಾಡಿಕೊಂಡರು. ಆಲಿಸ್‌ನಿಂದ ಪಶ್ಚಿಮಕ್ಕೆ 500 ಕಿಲೋಮೀಟರಿಗೂ ಹೆಚ್ಚು.

ಆಮೇಲೆ ಕಿಡ್ನಿ ಕಾಯಿಲೆ ಬಂತು. ಡಯಾಲಿಸಿಸ್ ಅಂದರೆ ವಾರಕ್ಕೆ ಮೂರು ಸಲ, ಪ್ರತಿ ಸಲ ಗಂಟೆಗಟ್ಟಲೆ. ಯಂತ್ರ ಇದ್ದದ್ದು ಆಲಿಸ್‌ನಲ್ಲಿ. ಬಂದವರು ಮತ್ತೆ ಊರಿಗೆ ಹೋಗುವಂತಿಲ್ಲ. ಹಿರಿಯರು ಮೊಮ್ಮಕ್ಕಳಿಂದ, ತಮ್ಮ ಜಾಗಗಳಿಂದ ದೂರವಾಗಿ ಪಟ್ಟಣದಲ್ಲೇ ಪ್ರಾಣ ಬಿಡುತ್ತಿದ್ದರು. ಕೆಲವರು ಯಂತ್ರ ಬಿಟ್ಟು ಊರಿಗೆ ಹೋಗಿಬಿಡುತ್ತಿದ್ದರು, ಅದರ ಅರ್ಥ ಏನೆಂದು ಗೊತ್ತಿದ್ದೂ. ಕಥೆ ಹೇಳಬೇಕಾದವರೇ ಊರಲ್ಲಿ ಇಲ್ಲದಿದ್ದರೆ ಮಕ್ಕಳಿಗೆ ಕಲಿಸುವವರು ಯಾರು?

ಆಗ ಕಿಂಟೋರ್ ಮತ್ತು ಅದರ ಪಶ್ಚಿಮದ ಕಿವಿರ್ಕುರಾ ಊರಿನ ಕಲಾವಿದರು ಸೇರಿದರು. ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ ಕೂತು ದೊಡ್ಡ ಕ್ಯಾನ್ವಾಸ್‌ಗಳನ್ನು ಒಟ್ಟಾಗಿ ಬರೆದರು. 2000ದ ನವೆಂಬರ್‌ನಲ್ಲಿ ಸಿಡ್ನಿಯ ಆರ್ಟ್ ಗ್ಯಾಲರಿ ಆಫ್ ನ್ಯೂ ಸೌತ್ ವೇಲ್ಸ್‌ನಲ್ಲಿ ಅವುಗಳ ಹರಾಜಾಯಿತು. 10 ಲಕ್ಷ ಆಸ್ಟ್ರೇಲಿಯನ್ ಡಾಲರ್‌ಗಿಂತ ಹೆಚ್ಚು ಹಣ ಬಂತು. ಆ ಹಣದಿಂದ ತಮ್ಮದೇ ಸಂಸ್ಥೆ ಕಟ್ಟಿದರು. ಅದರ ಪಿಂಟುಪಿ ಹೆಸರಿನ ಅರ್ಥ ‘ನಮ್ಮ ಎಲ್ಲ ಕುಟುಂಬಗಳನ್ನು ಚೆನ್ನಾಗಿ ಮಾಡುವುದು’. ಈಗ ಎಲ್ಲರೂ ಪರ್ಪಲ್ ಹೌಸ್ ಅನ್ನುತ್ತಾರೆ. 2004ರಲ್ಲಿ ಕಿಂಟೋರ್‌ನಲ್ಲೇ ಡಯಾಲಿಸಿಸ್ ಶುರುವಾಯಿತು. ಈಗ ಮೂರು ರಾಜ್ಯ-ಪ್ರಾಂತ್ಯಗಳ ದೂರದೂರದ ಊರುಗಳಲ್ಲಿ ಅವರ ಕೇಂದ್ರಗಳಿವೆ. ಯಂತ್ರ ಹೊತ್ತ ಒಂದು ಟ್ರಕ್ ಕೂಡ ಇದೆ, ಅದರಲ್ಲಿ ಜನ ಊರಿಗೆ ಹೋಗಿ ಬರಬಹುದು. 2018ರಲ್ಲಿ ಕೇಂದ್ರ ಸರ್ಕಾರ ದೂರದ ಊರುಗಳ ಡಯಾಲಿಸಿಸ್‌ಗೆ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್‌ನಲ್ಲಿ ಹಣ ಕೊಡಲು ಶುರು ಮಾಡಿತು.

ತಮ್ಮ ಜಾಗಗಳನ್ನು ಬರೆದ ಚಿತ್ರಗಳೇ ಆ ಜಾಗಗಳಿಗೆ ವಾಪಸ್ ಹೋಗುವ ದಾರಿ ಮಾಡಿಕೊಟ್ಟವು. ನಾನು ಇಲ್ಲಿ ಕುರ್ಚಿಯಲ್ಲಿ ಕೂತ ಒಬ್ಬ ಹಿರಿಯರನ್ನು ಅವರ ಊರಿನ ಬಗ್ಗೆ ಕೇಳಿದೆ. ಸೂಜಿ ಇಲ್ಲದ ಕೈಯಿಂದ ಹೊದಿಕೆಯ ಮೇಲೆ ವೃತ್ತ, ಗೆರೆ, ಮತ್ತೆ ವೃತ್ತ ಎಳೆದರು. ಪ್ರತಿಯೊಂದಕ್ಕೂ ಹೆಸರು ಹೇಳಿದರು. ಯಾವ ವೃತ್ತದ ಹತ್ತಿರ ಯಾರು ಹುಟ್ಟಿದರು ಅಂತಲೂ ಹೇಳಿದರು. ಅವರ ರಕ್ತದ ವರದಿ ನನ್ನ ಕೈಯಲ್ಲಿತ್ತು. ಅವರು ಹೇಗಿದ್ದಾರೆ ಅನ್ನೋದು ಆ ಹೊದಿಕೆಯ ಮೇಲೆ ನನಗೆ ಹೆಚ್ಚು ಗೊತ್ತಾಯಿತು.

ಹರೀಶ್ (ಮೆಲ್ಬರ್ನ್):

ಶಾರದಾ ಅವರು ಬರೆದದ್ದು ಓದಿ ಖುಷಿಯಾಯಿತು. ಒಂದು ಮಾತು ಸೇರಿಸುತ್ತೇನೆ. ಚುಕ್ಕಿ ಇದ್ದರೇ ಅಬೊರಿಜಿನಲ್ ಚಿತ್ರ ಅನ್ನುವ ಅಭಿಪ್ರಾಯ ತುಂಬ ಜನರಿಗಿದೆ. ಉತ್ತರದ ಆರ್ನೆಮ್ ಲ್ಯಾಂಡ್‌ನಲ್ಲಿ ಮರದ ತೊಗಟೆಯ ಮೇಲೆ ಕೂದಲಿನಷ್ಟು ಸಣ್ಣ ಅಡ್ಡ-ಉದ್ದ ಗೆರೆಗಳು. ಆ ಗೆರೆಗಳ ಮಾದರಿ ನೋಡಿಯೇ ಯಾವ ಕುಲದವರು ಅಂತ ಹೇಳುತ್ತಾರೆ. ವಾಯವ್ಯದ ಕಿಂಬರ್ಲಿ ಕಡೆ ವಾಂಜಿನಾ ಅನ್ನುವ, ಬಾಯಿಲ್ಲದ ಮುಖದ ಸೃಷ್ಟಿಕಾಲದ ಶಕ್ತಿಗಳ ಚಿತ್ರ. ನಮ್ಮ ವಿಕ್ಟೋರಿಯಾದಲ್ಲಿ ಪಾಸಮ್ ಅನ್ನುವ ಮರ ಹತ್ತುವ ಪ್ರಾಣಿಯ ಚರ್ಮದ ಹೊದಿಕೆ.

ಈ ಹೊದಿಕೆ ಬಗ್ಗೆ ಹೇಳಲೇಬೇಕು, ಮೇಘನಾ ಕೇಳಿದ ಮೂರೂ ಅದರಲ್ಲಿದೆ. ಮಗುವಿಗೆ ಮೊದಲು ಕೆಲವೇ ಚರ್ಮ ಸೇರಿಸಿದ ಪುಟ್ಟ ಹೊದಿಕೆ. ಮಗು ಬೆಳೆದ ಹಾಗೆ ಚರ್ಮ ಸೇರಿಸಿ ಹೊಲಿಯುತ್ತಾ ಹೋಗುತ್ತಾರೆ. ಒಳಮೈ ಮೇಲೆ ಕುಲದ ಗುರುತು, ನದಿ, ನೆಲದ ಗುರುತು ಕೊರೆಯುತ್ತಾರೆ. ತೀರಿಕೊಂಡಾಗ ಅದರಲ್ಲೇ ಸುತ್ತಿ ಹೂಳುತ್ತಿದ್ದರು. ಬಿಳಿಯರು ಬಂದ ಮೇಲೆ ಹೊದಿಕೆ ಹೋಗಿ ಸರ್ಕಾರ ಹಂಚಿದ ಕಂಬಳಿ ಬಂತು. ಆ ಕಂಬಳಿ ನೆನೆದರೆ ಒಣಗುತ್ತಿರಲಿಲ್ಲ, ಜನ ಕಾಯಿಲೆ ಬಿದ್ದರು. ಮೆಲ್ಬರ್ನ್‌ನ ಮ್ಯೂಸಿಯಂನಲ್ಲಿ 1853ರ ಮತ್ತು 1872ರ ಎರಡು ಹಳೆಯ ಹೊದಿಕೆಗಳಿವೆ. 1999ರ ಹೊತ್ತಿಗೆ ಕೆಲವು ಕಲಾವಿದೆಯರು ಅವನ್ನು ನೋಡಿ, ಅಳೆದು, ಮತ್ತೆ ಮಾಡಲು ಶುರು ಮಾಡಿದರು. 2006ರ ಕಾಮನ್‌ವೆಲ್ತ್ ಕ್ರೀಡಾಕೂಟದ ಉದ್ಘಾಟನೆಯಲ್ಲಿ ಹಿರಿಯರು ಹೊಸ ಹೊದಿಕೆ ಹೊದ್ದು ಬಂದರು. ಈಗ ಹುಟ್ಟಿದ ಮಗುವಿಗೆ, ಕಾಯಿಲೆಯವರಿಗೆ, ದುಃಖದಲ್ಲಿರುವವರಿಗೆ ಹೊದಿಸುತ್ತಾರೆ.

ಇನ್ನು ನೀವೇ ಚಾರ್ಟ್ ಬಿಡಿಸುವ ವಿಷಯ. ದಯವಿಟ್ಟು ಬೇಡ. ನಾನು ಮುದ್ರಣದ ಕೆಲಸದಲ್ಲಿದ್ದೇನೆ, ಆದ್ದರಿಂದ ಹೇಳುತ್ತಿದ್ದೇನೆ. 1990ರ ದಶಕದಲ್ಲಿ ಅಬೊರಿಜಿನಲ್ ಕಲಾವಿದರ ಚಿತ್ರಗಳನ್ನು ಕೇಳದೆ ನಕಲು ಮಾಡಿ ವಿಯೆಟ್ನಾಂನಲ್ಲಿ ಕಾರ್ಪೆಟ್ ನೇಯಿಸಿ ಪರ್ತ್‌ಗೆ ತಂದು ಮಾರಿದರು. ಫೆಡರಲ್ ಕೋರ್ಟ್ 1994ರಲ್ಲಿ ಕಲಾವಿದರ ಪರ ತೀರ್ಪು ಕೊಟ್ಟಿತು. ಅದರಲ್ಲಿ ಯಿರ್ಕಲಾದ ಬಂಡುಕ್ ಮರಿಕಾ ಅವರ ಒಂದು ಚಿತ್ರವೂ ಇತ್ತು, ಅವರ ಕುಲದ ಪವಿತ್ರ ಜಾಗದ ಕಥೆ. ಜನ ಕಾಲಿಡುವ ಕಾರ್ಪೆಟ್ ಮೇಲೆ! ಹೊರಗಿನವರು ಕದ್ದರೂ ಕುಲದವರ ಮುಂದೆ ಉತ್ತರ ಕೊಡಬೇಕಾದವರು ಕಲಾವಿದರೇ. ಆ ನೋವಿಗೂ ಸೇರಿಸಿ ಕೋರ್ಟ್ ಪರಿಹಾರ ಲೆಕ್ಕ ಹಾಕಿತು.

ಮೇಘನಾ:

ಶಾರದಾ ಅಕ್ಕ, ಹರೀಶ್ ಸರ್, ಪ್ರವೀಣ್ ಸರ್, ಮೂವರಿಗೂ ತುಂಬ ಥ್ಯಾಂಕ್ಸ್. ಇವತ್ತು ಚಿತ್ರದ ಹತ್ತಿರ ಹೋಗಿ ನೋಡಿದೆ. ಫ್ರೇಮಿನ ಪಕ್ಕ ಒಂದು ಪುಟ್ಟ ಕಾರ್ಡ್ ಇದೆ. ಕುರ್ಚಿಯ ಹಿಂದೆ ಮರೆಯಾಗಿತ್ತು. ಬರೆದವರು ವಾರ್ಲ್‌ಪಿರಿ ಹೆಂಗಸು. ನಡುವಿನ ವೃತ್ತ ನಮ್ಮ ಕ್ಲಿನಿಕ್, ಅಂಚಿನವು ಜನ ಬರುವ ಊರುಗಳು, ಹೆಜ್ಜೆಗಳು ರೋಗಿಗಳದೂ ಕೆಲಸದವರದೂ. ಬಳುಕುವ ಗೆರೆ ನದಿ ಅಲ್ಲ, ಅಕ್ಕ ಹೇಳಿದ ಙಲ್ಯಿಪಿ ಬಳ್ಳಿ!

ಚಾರ್ಟ್ ನಾನು ಬಿಡಿಸುವುದಿಲ್ಲ. ಮ್ಯಾನೇಜರ್ ಹತ್ತಿರ ಮಾತಾಡಿದೆ, ಕಲಾವಿದರಿಂದ ಬರೆಸಲು ಹಣ ಇಡಬಹುದು ಅಂದರು. ಎಲ್ಲಿಂದ ಶುರು ಮಾಡಲಿ?

ಶಾರದಾ:

ಒಳ್ಳೆಯದಾಯಿತು ಮೇಘನಾ. ಆ ಕುರ್ಚಿಯನ್ನು ಈಗಲೇ ಸರಿಸಿಬಿಡಿ.

ನಿಮ್ಮ ಕೇಂದ್ರದಲ್ಲೇ ಅಬೊರಿಜಿನಲ್ ಹೆಲ್ತ್ ಪ್ರಾಕ್ಟೀಷನರ್, ಅಂದರೆ ತರಬೇತಿ ಪಡೆದ ಅಬೊರಿಜಿನಲ್ ಆರೋಗ್ಯ ಕಾರ್ಯಕರ್ತರು, ಇರುತ್ತಾರೆ. ಮೊದಲು ಅವರ ಜೊತೆ ಕೂತುಕೊಳ್ಳಿ. ಚಾರ್ಟ್ ಯಾರಿಗೆ, ಅವರು ಯಾವ ಭಾಷೆಯವರು, ಯಾವ ಕಡೆಯವರು ಅಂತ ಕೇಳಿ. ಆಲಿಸ್ ಇರುವುದು ಅರೆಂಟ ಜನರ ನೆಲದಲ್ಲಿ. ನಿಮ್ಮ ವೇಟಿಂಗ್ ರೂಮಿಗೆ ಬರುವವರು ಹತ್ತಾರು ಕಡೆಯವರು. ಒಬ್ಬರ ಜಾಗದ ಕಥೆಯನ್ನು ಇನ್ನೊಬ್ಬರ ಊಟದ ಪಾಠಕ್ಕೆ ಹಾಕಿದರೆ ಇಬ್ಬರಿಗೂ ಸರಿ ಹೋಗುವುದಿಲ್ಲ.

ಕಲಾವಿದರನ್ನು ಆರ್ಟ್ ಸೆಂಟರ್ ಮೂಲಕ ಹುಡುಕಿ. ಯುವೆಂಡುಮುವಿನಲ್ಲಿ 1985ರಿಂದ ವಾರ್ಲುಕುರ್ಲಾಂಗು ಅನ್ನುವ ಸೆಂಟರ್ ಇದೆ. ಅಲ್ಲಿ ಕಲಾವಿದರೇ ಒಡೆಯರು. ಚಿತ್ರದ ಜೊತೆ ಹೆಸರು, ಜಾಗ, ಕಥೆ ಬರೆದ ಕಾಗದ ಕೊಡುತ್ತಾರೆ. ಅವರಿಗೆ ನೀವು ಚಾರ್ಟಿನ ವಿಷಯ ಹೇಳಿ, ಗುರುತು ಹೇಳಬೇಡಿ. ಇಲ್ಲಿ ವೃತ್ತ ಹಾಕಿ, ಅಲ್ಲಿ ಕಾಂಗರೂ ಹಾಕಿ ಅಂದರೆ ಅದು ನಿಮ್ಮ ಚಾರ್ಟೇ ಆಗುತ್ತದೆ.

ಊಟದ ವಿಷಯದಲ್ಲಿ ನೀವು ಕಲಿಸುವುದಕ್ಕಿಂತ ಕಲಿಯುವುದು ಜಾಸ್ತಿ ಇರಬಹುದು. ಮರುಭೂಮಿಯ ಚಿತ್ರಗಳ ತುಂಬ ಊಟವೇ ಇದೆ: ಗೆಣಸು, ಕಾಡು ಟೊಮ್ಯಾಟೊ, ಕಾಡು ಈರುಳ್ಳಿ, ಜೇನಿರುವೆ, ಗೊಯನ್ನಾ ಅನ್ನುವ ಉಡ. ಇವನ್ನು ಹುಡುಕಲು ಎಲ್ಲರೂ ಸೇರಿ ಹೊರಗೆ ಹೋಗಬೇಕು, ಬಿಸಿಲಲ್ಲಿ ನಡೆಯಬೇಕು, ಅಗೆಯಬೇಕು, ಮಕ್ಕಳಿಗೆ ತೋರಿಸಬೇಕು. ಸಕ್ಕರೆ ಕಾಯಿಲೆಯವರಿಗೆ ನೀವು ಹೇಳುವ ನಡಿಗೆ, ನಾರು, ಕೊಬ್ಬಿಲ್ಲದ ಮಾಂಸ ಎಲ್ಲ ಅದರಲ್ಲೇ ಬಂತಲ್ವಾ? 1995ರಲ್ಲಿ ಎನ್‌ಪಿವೈ ಅನ್ನುವ ಮರುಭೂಮಿಯ ಮಹಿಳಾ ಮಂಡಳಿಯವರು ಶುರು ಮಾಡಿದ ಜಾನ್ಪಿ ಅನ್ನುವ ಹುಲ್ಲು ಹೆಣಿಗೆಯ ಕೆಲಸದ ಬಗ್ಗೆಯೂ ತಿಳಿದುಕೊಳ್ಳಿ. ಹೆಂಗಸರು ಹುಲ್ಲು ತರಲು ಮಕ್ಕಳನ್ನು ಕಟ್ಟಿಕೊಂಡು ಹೊರಡುತ್ತಾರೆ, ದಾರಿಯಲ್ಲಿ ಬೇಟೆ, ಊಟ, ಜಾಗಗಳ ಕಥೆ. ಆ ಹುಲ್ಲಿನಿಂದ ಬುಟ್ಟಿ, ಬೊಂಬೆ ಹೆಣೆದು ಮಾರುತ್ತಾರೆ. ಪಪುಲಂಕುಚಾದ ಹೆಂಗಸರು ಹುಲ್ಲಿನಿಂದಲೇ ಒಂದು ಇಡೀ ಟೊಯೊಟಾ ಹೆಣೆದು 2005ರಲ್ಲಿ ದೊಡ್ಡ ಪ್ರಶಸ್ತಿ ಗೆದ್ದರು. ಆ ಕಡೆ ಗಾಡಿ ಇದ್ದರೇ ನೆಂಟರ ಮನೆ, ಬೇಟೆ, ಕ್ಲಿನಿಕ್ ಎಲ್ಲ. ಅದಕ್ಕೇ ಗಾಡಿಯನ್ನೇ ಹೆಣೆದರು.

ಒಪ್ಪಂದ ಬರವಣಿಗೆಯಲ್ಲಿ ಇರಲಿ. ಚಿತ್ರ ಎಲ್ಲೆಲ್ಲಿ ಬಳಸುತ್ತೀರಿ, ಎಷ್ಟು ಪ್ರತಿ, ಎಷ್ಟು ವರ್ಷ ಅಂತ ಸ್ಪಷ್ಟವಾಗಿ ಹಾಕಿ. ಕ್ಯಾನ್ವಾಸ್ ಕೊಂಡ ಮಾತ್ರಕ್ಕೆ ಅಚ್ಚು ಹಾಕುವ ಹಕ್ಕು ಬರುವುದಿಲ್ಲ, ಅದಕ್ಕೆ ಬೇರೆ ಹಣ ಕೊಡಬೇಕು. ಗೆರೆ, ಎಲೆಗಳನ್ನು ಕತ್ತರಿಸಿ ಲೆಟರ್‌ಹೆಡ್‌ಗೆ, ಟಿ-ಶರ್ಟ್‌ಗೆ ಹಾಕುವ ಯೋಚನೆ ಮುಂದೆ ಯಾರಿಗಾದರೂ ಬರುತ್ತದೆ, ಬಂದರೆ ಮತ್ತೆ ಹೋಗಿ ಕೇಳಬೇಕು ಅಂತಲೂ ಬರೆಸಿ. ಕಲಾವಿದರ ಹೆಸರು, ಭಾಷೆ, ಊರು ಚಾರ್ಟಿನ ಮೇಲೆ ದೊಡ್ಡದಾಗಿ ಇರಲಿ. ಇಲ್ಲಿ ಯಾರಾದರೂ ತೀರಿಕೊಂಡರೆ ಸ್ವಲ್ಪ ಕಾಲ ಅವರ ಹೆಸರು ಹೇಳುವುದಿಲ್ಲ, ಫೋಟೊ ತೋರಿಸುವುದಿಲ್ಲ. ಹಾಗಾದಾಗ ಚಾರ್ಟನ್ನು ತೆಗೆಯಬೇಕಾ, ಹೆಸರನ್ನು ಮುಚ್ಚಬೇಕಾ ಅಂತ ಕುಟುಂಬದವರಲ್ಲಿ ಯಾರನ್ನು ಕೇಳಬೇಕು ಅನ್ನೋದನ್ನೂ ಈಗಲೇ ತಿಳಿದಿಟ್ಟುಕೊಳ್ಳಿ.

ಅಚ್ಚಿಗೆ ಕೊಡುವ ಮೊದಲು ಕರಡನ್ನು ಕಲಾವಿದರಿಗೂ, ಆ ಕಥೆಯ ಕಾವಲುಗಾರರಿಗೂ ತೋರಿಸಲು ಸಮಯ ಇಟ್ಟುಕೊಳ್ಳಿ. ಅವರು ಯುವೆಂಡುಮುವಿನಿಂದ ಪಟ್ಟಣಕ್ಕೆ ಬಂದಾಗಲೇ ಸಿಗುವುದು, ಸುಮಾರು 300 ಕಿಲೋಮೀಟರ್ ದೂರ. ಸಾಧ್ಯವಾದರೆ ನೀವೇ ಅಲ್ಲಿಗೆ ಹೋಗಿ. ಹೊರಡುವ ಮುಂಚೆ ಆರ್ಟ್ ಸೆಂಟರ್‌ಗೆ ಫೋನ್ ಮಾಡಿ, ಊರಲ್ಲಿ ಸಾವಿನ ಕಾರ್ಯ ಏನಾದರೂ ನಡೆಯುತ್ತಿದ್ದರೆ ಹೋಗುವಂತಿಲ್ಲ.